ಮೇಯೊದವರು ಕಾಯುತ್ತಾರೆ

ಶರ್ಲಿನ್ ಮೈದಾನದ ಅಂಚಿನಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದಳು. ಹತ್ತು ಹೆಜ್ಜೆ ದೂರದಲ್ಲಿ ಕ್ಯಾಲ್ವಿನ್ ಟ್ರಂಪೆಟ್ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. ಹಿತ್ತಾಳೆಯಲ್ಲಿ ಅವಳ ಹಸಿರು ಜೆರ್ಸಿ ಒಂದಿಷ್ಟು ಕಾಣುತ್ತಿತ್ತು, ಅಷ್ಟಕ್ಕೇ ತೃಪ್ತಿ. ನೇರವಾಗಿ ನೋಡುವ ಧೈರ್ಯ ಈ ಮಹಾರಾಯನಿಗೆ ಎಲ್ಲಿಂದ ಬರಬೇಕು?

ನಾಳೆ ಬೆಳಿಗ್ಗೆ ಹತ್ತೂವರೆಗೆ ಅವಳ ವಿಮಾನ. ಐರ್ಲೆಂಡಿನಲ್ಲಿ ಮೇಯೊ ಎಂದೊಂದು ಕೌಂಟಿ, ನಮ್ಮ ಜಿಲ್ಲೆಯ ಹಾಗೆ. ಅಲ್ಲಿಯ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿದೆ. ಕೆಲಸದ ಹಿಂದೆಯೇ ಮದುವೆಯೂ ಇದೆ ಎಂದು ಕ್ಯಾಲ್ವಿನ್ ನಂಬಿದ್ದ. ಆ ನಂಬಿಕೆಯಲ್ಲಿ ಸುಮಾರು ಆರು ತಿಂಗಳಿಂದ ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ.

"ಉಜ್ಜಿ ಉಜ್ಜಿ ತೂತು ಮಾಡ್ತೀಯಾ ಅದನ್ನು?" ಶರ್ಲಿನ್ ತಲೆ ಎತ್ತದೆ ಕೇಳಿದಳು.

"ಮರಳು ಕೂತಿದೆ."

"ನಿನ್ನ ಬಾಯಿಯಲ್ಲೂ ಕೂತಿದೆ ಕಾಣ್ತದೆ. ಎಷ್ಟು ತಿಂಗಳಾಯ್ತು ನೀನು ನನ್ನ ಹತ್ತಿರ ಎರಡು ಮಾತಾಡಿ?"

ಕ್ಯಾಲ್ವಿನ್ ಒರೆಸುವ ಬಟ್ಟೆ ಕೆಳಗಿಡುವಷ್ಟರಲ್ಲಿ ಅವಳು ಎದ್ದು ಚಡ್ಡಿಯ ಮಣ್ಣು ಕೊಡವಿ ತಂಡದ ಕಡೆ ನಡೆದಿದ್ದಳು. ಹೋಗುವಾಗ ಒಂದು ಸಲ ತಿರುಗಿ ನೋಡಿದಳು. ಅಯ್ಯೋ ದೇವರೇ, ಆ ನೋಟ ನೋಡಿದರೆ ಕಲ್ಲೂ ಮಾತಾಡುತ್ತಿತ್ತು. ಇವನು ಮಾತ್ರ ಟ್ರಂಪೆಟ್ಟಿನ ಬಾಯಿ ನೋಡುತ್ತಾ ನಿಂತ.

ಕುವೈತಿನ ಐರಿಶ್ ಟೀಚರುಗಳು ಸೇರಿ ಪ್ರತಿ ವಸಂತದಲ್ಲಿ ತಮ್ಮೂರ ಫುಟ್‌ಬಾಲಿನ ಟೂರ್ನಮೆಂಟ್ ಮಾಡುತ್ತಾರೆ. ಆ ಆಟದಲ್ಲಿ ಚೆಂಡನ್ನು ಒದೆಯಬಹುದು, ಕೈಯಲ್ಲೂ ಹಿಡಿಯಬಹುದು. ಒಂದೊಂದು ತಂಡಕ್ಕೆ ಒಂದೊಂದು ಕೌಂಟಿಯ ಹೆಸರು, ಆ ಕೌಂಟಿಯ ಬಣ್ಣ, ಆ ಕೌಂಟಿಯ ಹಾಡು. ನಮ್ಮವರೂ ಇಲ್ಲಿ ಪಾಂಬೂರಿನವರು, ಶಿರ್ವದವರು ಎಂದು ಊರಿಗೊಂದು ಸಂಘ ಕಟ್ಟಿ ಕ್ರಿಕೆಟ್ಟಿನಲ್ಲಿ ಕಚ್ಚಾಡುವುದಿಲ್ಲವೇ, ಹಾಗೆಯೇ. ಆಟಕ್ಕೆ ಮೊದಲು ಎರಡೂ ತಂಡಗಳು ಬ್ಯಾಂಡಿನ ಹಿಂದೆ ಸಾಲಾಗಿ ಮೈದಾನ ಸುತ್ತಬೇಕು. ಆ ಬ್ಯಾಂಡು ನಮ್ಮ ಪಾಸ್ಕು ಅಂಕಲ್‌ದು. ಅಂಕಲ್ ಫಹಾಹೀಲಿನಲ್ಲಿ ಟೈಲರ್, ರಜೆಯ ದಿನ ಮಂಗಳೂರು ಕಡೆಯ ಮದುವೆಗಳಿಗೆ ಬ್ಯಾಂಡು. ಕ್ಯಾಲ್ವಿನ್ ವಾರವಿಡೀ ರಾಯ್‌ನ ಗ್ಯಾರೇಜಿನಲ್ಲಿ ಕಾರುಗಳಿಗೆ ಪೇಂಟ್ ಹೊಡೆದು ಶುಕ್ರವಾರ ಟ್ರಂಪೆಟ್ ಊದುತ್ತಿದ್ದ.

ಶರ್ಲಿನ್ ಜಹ್ರಾದ ಕ್ಲಿನಿಕ್ಕಿನಲ್ಲಿ ನರ್ಸ್. ಕಾಲೇಜಿನಲ್ಲಿ ಥ್ರೋಬಾಲ್ ಆಡಿದ ಅವಳ ಕೈಗಳನ್ನು ಕಂಡು ಮೇಯೊ ತಂಡದ ಗೋಲ್‌ಕೀಪರ್ ಮಾಡಿದವರು ಮೇಯೊ ಮೇಡಮ್. ಅವರು ಆ ಕೌಂಟಿಯಲ್ಲೇ ಹುಟ್ಟಿದ ಬಿಳಿಕೂದಲಿನ ಟೀಚರ್. ಅವರ ನಿಜವಾದ ಹೆಸರು ಯಾರ ನಾಲಿಗೆಗೂ ಹೊರಳದೆ ಮೇಯೊ ಮೇಡಮ್ ಎಂದೇ ಉಳಿದುಬಿಟ್ಟಿತ್ತು. ಅಲ್ಲಿಯ ಆಸ್ಪತ್ರೆಯ ಕೆಲಸದ ಸುದ್ದಿ ತಂದವರೂ ಅವರೇ.

ಮೂರು ವರ್ಷ ಪ್ರತಿ ಶುಕ್ರವಾರ ಕ್ಯಾಲ್ವಿನ್ ತನ್ನ ಹಳೆಯ ಕಾರಿನಲ್ಲಿ ಜಹ್ರಾಕ್ಕೆ ಹೋಗಿ ಅವಳನ್ನು ಮೈದಾನಕ್ಕೆ, ತಂಡದ ಅಭ್ಯಾಸಕ್ಕೆ, ಕರೆತರುತ್ತಿದ್ದ. ಅದು ದಾರಿಯಲ್ಲಿ ಸಿಗುವ ಜಾಗವೇ ಅಲ್ಲ. ಅವಳಿಗೂ ಅದು ಗೊತ್ತಿತ್ತು. "ಪಾಪ, ನಿನಗೆ ಆನ್ ದ ವೇ ಅಲ್ವಾ?" ಎಂದು ಪ್ರತಿ ವಾರ ಛೇಡಿಸುತ್ತಿದ್ದಳು. ಇವನ ಕಿವಿ ಕೆಂಪಾಗುತ್ತಿತ್ತು.

ಅಕ್ಟೋಬರಿನ ಒಂದು ಶುಕ್ರವಾರ ಇವನು ಹೇಗೋ ಧೈರ್ಯ ಮಾಡಿ, "ಜನವರಿಯಲ್ಲಿ ಊರಿಗೆ ಹೋಗ್ತೇನೆ. ನೀನೂ ರಜೆ ಹಾಕಿದ್ರೆ ಒಳ್ಳೆದಿತ್ತು" ಎಂದ. ಅವಳು ಕಿಟಕಿಯ ಹೊರಗೆ ನೋಡಿ ನಕ್ಕಳು. ಅಷ್ಟೇ.

ಹತ್ತು ದಿನ ಕಳೆದು ಊರಿನಿಂದ ತಾಯಿಯ ಫೋನು. "ನಮ್ಮ ಶರ್ಲಿನ್‌ಳ ಅಪ್ಪ ಇಗರ್ಜಿಯ ಆಫೀಸಿಗೆ ಬಂದು ಅವಳ ಬ್ಯಾಪ್ಟಿಸಂ ಸರ್ಟಿಫಿಕೇಟ್ ತಗೊಂಡು ಹೋದರು ಪುತಾ. ಹುಡುಗ ಯಾರಂತ ಕೇಳಿದ್ರೆ ಬಾಯೇ ಬಿಡ್ಲಿಲ್ಲ."

ಪಾಂಬೂರಿನಲ್ಲಿ ಬೆಳೆದ ಹೆಣ್ಣಿನ ಬ್ಯಾಪ್ಟಿಸಂ ಸರ್ಟಿಫಿಕೇಟ್ ಇಗರ್ಜಿಯಿಂದ ಹೊರಬಿತ್ತು ಎಂದರೆ ಮದುವೆ ನಿಶ್ಚಯವಾಯಿತು ಎಂದೇ ಅರ್ಥ. ಯಾರನ್ನೂ ಕೇಳಬೇಕಾಗಿಲ್ಲ. ಕ್ಯಾಲ್ವಿನ್ ಕೇಳಲೂ ಇಲ್ಲ. ಓವರ್‌ಟೈಮ್ ಎಂದು ಸುಳ್ಳು ಹೇಳಿ ಜಹ್ರಾದ ದಾರಿ ಬಿಟ್ಟ, ಜನವರಿಯ ರಜೆಯನ್ನೂ ಬಿಟ್ಟ. ಎರಡು ತಿಂಗಳಲ್ಲಿ ಅವಳು ಐರ್ಲೆಂಡಿನ ಕೆಲಸಕ್ಕೆ ಸಹಿ ಹಾಕಿದ ಸುದ್ದಿ ಬಂತು. ಹುಡುಗ ಅಲ್ಲಿಯೇ ಇರುವುದು ಎಂದು ಲೆಕ್ಕ ಹಾಕಿಕೊಂಡ. ಪೆದ್ದ!

"ಯಲ್ಲಾ, ಯಲ್ಲಾ!" ಪಾಸ್ಕು ಅಂಕಲ್ ಹುಡುಗರನ್ನು ಹೊರಡಿಸಲು ಕೂಗಿದರು.

ಬ್ಯಾಂಡು ಹೊರಟಿತು. ಮೇಯೊದ ಹಾಡನ್ನು ಮೇಡಮ್ ವಾರದ ಹಿಂದೆ ವಾಟ್ಸಾಪಿನಲ್ಲಿ ಕಳಿಸಿದ್ದರು. ಅದರ ನಿಧಾನದ ಎಳೆತ ಕೇಳಿ ಪಾಸ್ಕು ಅಂಕಲ್, ಇದು ಸಾವಿನ ಮೆರವಣಿಗೆಯದ್ದೇ ಎಂದು ತೀರ್ಮಾನಿಸಿ ಡ್ರಮ್ಮಿಗೆ ಕಪ್ಪು ಬಟ್ಟೆ ಸುತ್ತಿ, ನಮ್ಮೂರಿನಲ್ಲಿ ಶವದ ಪೆಟ್ಟಿಗೆಯ ಮುಂದೆ ಇಡುವ ಹೆಜ್ಜೆಯನ್ನೇ ಹುಡುಗರಿಗೆ ಕಲಿಸಿದ್ದರು. ಕ್ಯಾಲ್ವಿನ್‌ಗೆ ಅದು ಸರಿಯಾಗಿಯೇ ಹೊಂದಿತು. ಬೆನ್ನ ಹಿಂದೆ ಅವಳ ಬೂಟಿನ ಸದ್ದು ಕೇಳುತ್ತಿತ್ತು. ನಾಳೆಯಿಂದ ಈ ಸದ್ದು ಇಲ್ಲ. ಅವನು ಕಣ್ಣುಮುಚ್ಚಿ ಊದಿದ, ಎದೆಯಲ್ಲಿದ್ದದ್ದನ್ನೆಲ್ಲ ಊದಿದ.

ಮೇಡಮ್ ಕಣ್ಣೊರೆಸಿಕೊಳ್ಳುತ್ತಾ ಪಕ್ಕಕ್ಕೆ ಓಡಿಬಂದರು. "ಯಾರೂ ಸತ್ತಿಲ್ಲ, ಕ್ಯಾಲ್ವಿನ್! ಸ್ವಲ್ಪ ಬೇಗ ನುಡಿಸು!"

ಸಾಲಿನಲ್ಲಿದ್ದ ಶರ್ಲಿನ್ ಫಕ್ಕನೆ ನಕ್ಕಳು. ಆ ನಗು ಅರ್ಧದಲ್ಲೇ ನಿಂತಿತು. ಕ್ಯಾಲ್ವಿನ್ ತಿರುಗಿ ನೋಡಿದಾಗ ಅವಳು ತುಟಿ ಕಚ್ಚಿಕೊಂಡು ಎತ್ತಲೋ ನೋಡುತ್ತಿದ್ದಳು.

ಆಟದಲ್ಲಿ ಅವಳು ನಾಲ್ಕು ಗೋಲು ತಡೆದಳು. ಐದನೆಯದು ಕೈತಪ್ಪಿತು. ಗೋಲಿಗೆ ಮೂರು ಪಾಯಿಂಟಿನ ಆ ಆಟದಲ್ಲಿ ಒಂದೇ ಪಾಯಿಂಟಿನಿಂದ ಮೇಯೊ ಸೋತಿತು. ಸೋತ ಮೇಲೂ ಮೇಡಮ್ ಹಸಿರು ಕೆಂಪು ಬಾವುಟ ಬೀಸುತ್ತಾ ಹಾಡುವುದನ್ನು ನಿಲ್ಲಿಸಲಿಲ್ಲ.

"ಯಾವಾಗಲೂ ಹೀಗೆಯೇ ಮೇಡಮ್?" ಕ್ಯಾಲ್ವಿನ್ ಕೇಳಿದ.

"ಅಲ್ಲಿಯೂ ಹೀಗೆಯೇ. ದೇಶದ ದೊಡ್ಡ ಕಪ್ಪನ್ನು ನಮ್ಮ ಗಂಡಸರು ಕೊನೆಯ ಸಲ ತಂದದ್ದು ಸಾವಿರದ ಒಂಬೈನೂರ ಐವತ್ತೊಂದರಲ್ಲಿ. ನಾನು ಹುಟ್ಟಿರಲಿಲ್ಲ. ಆದರೂ ಪ್ರತಿ ವರ್ಷ ಬಾವುಟ ಹಿಡಿದು ಹೋಗುತ್ತೇವೆ."

"ಯಾಕೆ?"

"ಯಾಕೆ ಅಂದರೆ ಏನು? ನಮ್ಮದಲ್ವಾ!" ಎಂದು ಮೇಡಮ್ ಅವನನ್ನೇ ವಿಚಿತ್ರವಾಗಿ ನೋಡಿದರು.

ಆ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಗೋಲ್‌ಪೋಸ್ಟಿಗೆ ಒರಗಿ ಕೂತಿದ್ದ ಶರ್ಲಿನ್ ಹತ್ತಿರ ಹೋಗಿ ಒಂದು ಬಾಟಲಿ ತಣ್ಣೀರು ಕೊಟ್ಟ. ಕೊಟ್ಟು ಎಂತ ಹೇಳಿದ ಗೊತ್ತಾ?

"ಕಂಗ್ರಾಚುಲೇಶನ್ಸ್."

"ಸೋತದ್ದಕ್ಕಾ?"

"ಅಲ್ಲ. ಮದುವೆಗೆ. ಹುಡುಗ ಅಲ್ಲಿಯೇ ಇರುವುದಾ?"

"ಯಾವ ಹುಡುಗ?"

"ನಿನ್ನ ಅಪ್ಪ ಸರ್ಟಿಫಿಕೇಟ್ ತೆಗೆಸಿದರಲ್ಲ. ಮಮ್ಮಿ ಹೇಳಿದ್ರು."

ಶರ್ಲಿನ್ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು. ಮುಖದ ಬಣ್ಣವೇ ಇಳಿದುಹೋಯಿತು. "ಅದಕ್ಕಾ? ಅದಕ್ಕೆ ನೀನು ಬರುದನ್ನು ನಿಲ್ಸಿದ್ದಾ?"

ಅವಳು ಕಿಟ್ ಬ್ಯಾಗಿನ ಅಡಿಯಿಂದ ಒಂದು ಕವರು ಎಳೆದು ಅವನ ಎದೆಗೆ ಒತ್ತಿದಳು. ಒಳಗೆ ಇಗರ್ಜಿಯ ಮೊಹರಿನ ಕಾಗದ, ಅಕ್ಟೋಬರ್ ಹದಿನಾಲ್ಕರ ತಾರೀಕು.

"ಜನವರಿಯಲ್ಲಿ ರಜೆ ಹಾಕು ಅಂತ ಹೇಳಿದವ ಯಾರು? ಜನವರಿಯಲ್ಲಿ ನಮ್ಮವರು ಊರಿಗೆ ಹೋಗುದು ಎಂತಕ್ಕೆ? ಮದುವೆಗೇ ಅಂತ ನನಗೆ ಅರ್ಥ ಆಗುದಿಲ್ವಾ? ನೀನು ಕೇಳುವಾಗ ತಡ ಆಗ್ಬಾರ್ದು ಅಂತ ನಾನೇ ಅಪ್ಪನಿಗೆ ಹೇಳಿ ತೆಗೆಸಿ ಇಲ್ಲಿಗೆ ತರಿಸಿದ್ದು. ಅದನ್ನು ಹಿಡ್ಕೊಂಡು ಶುಕ್ರವಾರ ಶುಕ್ರವಾರ ಜಹ್ರಾದ ಗೇಟಿನ ಹತ್ರ ನಿನ್ನ ಕಾರು ಕಾಯ್ತಾ ನಿಲ್ತಿದ್ದೆ, ಕ್ಯಾಲ್ವಿನ್. ಡಿಸೆಂಬರ್ ವರೆಗೆ ನಿಂತೆ. ಆಮೇಲೆ ಮೇಡಮ್ ತಂದ ಕೆಲಸಕ್ಕೆ ಸಹಿ ಹಾಕಿ ಬಂದೆ."

ಕ್ಯಾಲ್ವಿನ್ ಆ ತಾರೀಕನ್ನು ಮತ್ತೊಮ್ಮೆ ಓದಿದ. ಒಂದು ಮಾತು, ಒಂದೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

"ಹೋಗ್ಬೇಡ ಶರ್ಲಿನ್. ಕಾಲಿಗೆ ಬೀಳ್ತೇನೆ, ಹೋಗ್ಬೇಡ."

"ಇಲ್ಲಿಯ ಕೆಲಸ ಬಿಟ್ಟಾಯ್ತು. ಇಕಾಮಾ ಖಲಾಸ್, ಇಲ್ಲಿರ್ಲಿಕ್ಕೆ ಪರ್ಮಿಟ್ಟೇ ಇಲ್ಲ. ಹೋಗ್ಲೇಬೇಕು." ಅವಳ ದನಿ ಒಡೆಯಿತು. "ಮತ್ತೆ ಆ ಕಾಗದ ಮದುವೆಗೆ ಆರು ತಿಂಗಳು ಮಾತ್ರ ನಡೆಯುದು. ಬರುವ ವಾರಕ್ಕೆ ಅದೂ ಮುಗೀತದೆ."

ಅವಳು ಬ್ಯಾಗು ಹೆಗಲಿಗೇರಿಸಿ ಎದ್ದಳು. ಈಗಲೂ ಸುಮ್ಮನಿದ್ದರೆ ಈ ಜನ್ಮಕ್ಕೆ ಇಷ್ಟೇ ಎಂದು ಕ್ಯಾಲ್ವಿನ್‌ಗೆ ಹೊಳೆಯಿತು. ಫೋನು ತೆಗೆದ. ಸ್ಪೀಕರ್ ಒತ್ತಿದ. ಪಾಂಬೂರಿನಲ್ಲಿ ಸಂಜೆಯ ಪ್ರಾರ್ಥನೆಯ ಹೊತ್ತು.

"ಮಮ್ಮೀ, ನಾಳೆ ಇಗರ್ಜಿಗೆ ಹೋಗಿ ನನ್ನ ಬ್ಯಾಪ್ಟಿಸಂ ಸರ್ಟಿಫಿಕೇಟ್ ಬೇಕು ಅಂತ ಫಾದರ್ ಹತ್ರ ಹೇಳಿ."

ಆ ಕಡೆ ಯಾವುದೋ ಪಾತ್ರೆ ಬಿದ್ದ ಸದ್ದು. "ಯೇಸುವೇ! ಹುಡುಗಿ ಯಾರು ಪುತಾ?"

ಬ್ಯಾಂಡಿನ ಹುಡುಗರೆಲ್ಲ ಬಾಯಿ ಬಿಟ್ಟು ನಿಂತಿದ್ದರು. ಮೇಡಮ್‌ಗೆ ಭಾಷೆ ತಿಳಿಯದಿದ್ದರೂ ಬಾವುಟ ಕೆಳಗಿಳಿಸಿದ್ದರು. ಕ್ಯಾಲ್ವಿನ್ ಈ ಸಲ ಟ್ರಂಪೆಟ್ ನೋಡಲಿಲ್ಲ, ನೆಲ ನೋಡಲಿಲ್ಲ. ಅವಳ ಕಣ್ಣನ್ನೇ ನೋಡಿದ.

"ಶರ್ಲಿನ್. ಮೂರು ವರ್ಷದಿಂದ ಶರ್ಲಿನ್, ಮಮ್ಮಿ. ಅವಳು ಒಪ್ಪಿದ್ರೆ."

ಫೋನಿನಿಂದ ತಾಯಿಯ ದನಿ, "ಅಯ್ಯೋ ಗ್ರಹಚಾರವೇ! ಅವಳದ್ದು ಆರು ತಿಂಗಳು ಆಗ್ತಾ ಬಂತಲ್ಲ! ಹೊಸತು ತೆಗೀಲಿಕ್ಕೆ ಹೇಳು!"

ಶರ್ಲಿನ್ ಅಳುತ್ತಳುತ್ತಲೇ ನಕ್ಕಳು. ಫೋನನ್ನು ಅವನ ಕೈಯಿಂದ ಕಿತ್ತುಕೊಂಡಳು. "ಆಂಟೀ, ನಾನು ಶರ್ಲಿನ್. ನಾಳೆ ತೆಗೆಸ್ಬೇಡಿ, ವೇಸ್ಟ್ ಆಗ್ತದೆ. ನನಗೆ ಮೊದಲ ರಜೆ ಸಿಗುದು ಒಂದು ವರ್ಷ ಕಳೆದು. ಆವಾಗ ಇಬ್ಬರದ್ದೂ ಒಟ್ಟಿಗೆ ತೆಗೆಸುವ."

"ಒಂದು ವರ್ಷವಾ?" ಎಂದ ಕ್ಯಾಲ್ವಿನ್. ಸಿಕ್ಕಿದ ಗಳಿಗೆಯಲ್ಲೇ ಅವಳು ಅಷ್ಟು ದೂರ ಹೋಗುತ್ತಿದ್ದಳು.

"ಮೇಯೊದವರು ಐವತ್ತೊಂದರಿಂದ ಕಾಯ್ತಾ ಇದ್ದಾರೆ," ಶರ್ಲಿನ್ ಜೆರ್ಸಿಯ ತೋಳಿನಿಂದ ಕಣ್ಣೊರೆಸಿಕೊಂಡಳು. "ನಿನಗೆ ಒಂದು ವರ್ಷ ಕಾಯ್ಲಿಕ್ಕೆ ಆಗುದಿಲ್ವಾ?"

ಅವನು ಆಗುತ್ತದೆ ಎಂದು ತಲೆಯಾಡಿಸಿದ.

ಆ ಹಳೆಯ ಕವರನ್ನು ಅವಳೇ ಅವನ ಟ್ರಂಪೆಟ್ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದಳು. ಮುಚ್ಚಿದ ಮೇಲೂ ಅದರ ಮೇಲಿಂದ ಕೈ ತೆಗೆಯಲಿಲ್ಲ. ಅವನ ಕೈ ಅವಳ ಕೈಯ ಮೇಲೆ ಬಂತು.

"ಈಗ ಎಂತ ನುಡಿಸುದು ಮಾರಾಯ?" ಪಾಸ್ಕು ಅಂಕಲ್ ಮೆಲ್ಲನೆ ಕೇಳಿದರು.

"ಅದೇ ಮೇಯೊದ ಹಾಡು ಅಂಕಲ್," ಎಂದ ಕ್ಯಾಲ್ವಿನ್. "ಡ್ರಮ್ಮಿನ ಕಪ್ಪು ಬಟ್ಟೆ ಮಾತ್ರ ತೆಗೀರಿ."