ಹದಿನೇಳನೆಯ ಪೆಟ್ಟಿಗೆಯ ಹಳದಿ ದೀಪ

ಹದಿನೇಳನೆಯ ಪೆಟ್ಟಿಗೆಯ ಪಕ್ಕ ಕೇಬಲ್ ತುಂಡಾಗಿ ಬಿದ್ದಿತ್ತು. ಅದರ ಕೆಳಗೆ, ಉಪ್ಪಿನ ನೆಲದ ಮೇಲೆ, ಕಾವಲುಗಾರ ಎಲೂತೇರಿಯೊನ ರೊಟ್ಟಿ ಕೊಯ್ಯುವ ಚಾಕು.

ಉಪ್ಪು ಸಾಗಿಸುವ ಬೆಲ್ಟಿನ ಉದ್ದಕ್ಕೂ ನಲವತ್ತು ಪೆಟ್ಟಿಗೆ. ಒಂದಕ್ಕೊಂದು ಕೈ ಹಿಡಿದ ಸರಪಳಿ. ತುರ್ತುಗುಂಡಿ ಒತ್ತಿದರೆ ಆ ಸುದ್ದಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟಿ ಬೆಲ್ಟ್ ನಿಲ್ಲಬೇಕು. ನಿನ್ನೆ ಹನ್ನೊಂದು ನಲವತ್ತಕ್ಕೆ ಇಪ್ಪತ್ತೆರಡನೆಯ ಪೆಟ್ಟಿಗೆಯ ಬಳಿ ಕೆಲಸಗಾರ ರೊಸೆಂದೊ ಗುಂಡಿ ಒತ್ತಿದ. ಬೆಲ್ಟ್ ನಿಲ್ಲಲಿಲ್ಲ. ಅವನ ಬಲಗೈ ಹೋಯಿತು.

"ಮುದುಕನದೇ ಕೆಲಸ, ಮೇಡಂ," ಎಂದ ತಂತ್ರಜ್ಞ ಗಾಸ್ತೋನ್. "ಅವನನ್ನ ತೆಗೆದು ಕ್ಯಾಮೆರಾ ಹಾಕ್ತಾರಂತೆ. ಆ ಸಿಟ್ಟು. ಕೇಬಲ್ ಕೊಯ್ದ್ಮೇಲೆ ಬೆಲ್ಟ್ ಹೇಗೆ ನಿಲ್ಲತ್ತೆ?"

ಸಾರ್ಜೆಂಟ್ ನೆಲಿದಾ ಚೋಕೆ ಬಗ್ಗಿ ಕೇಬಲ್ಲಿನ ತುದಿ ನೋಡಿದಳು. ಪೊಲೀಸ್ ಸೇರುವ ಮೊದಲು ಎಂಟು ವರ್ಷ ಗಣಿಯಲ್ಲಿ ವೈರ್ ಎಳೆದವಳು.

* * *

ಕಾವಲುಗಾರನ ಗುಡಿಸಲಿನಲ್ಲಿ ಒಂದು ಸ್ಟೂಲು, ಒಂದು ಲೋಟ. ಹೊರಗೆ ಕಣ್ಣು ಹೋದಷ್ಟೂ ಉಪ್ಪು.

"ಚಾಕು ನಿಮ್ಮದಾ, ಅಜ್ಜಾ?"

"ನನ್ನದೇ. ಬಾಗಿಲಲ್ಲಿತ್ತು. ರೊಸೆಂದೊ ಕಿರುಚಿದಾಗ ಬಿಟ್ಟು ಓಡಿದೆ. ವ್ಯಾನ್ ಬರೋವರೆಗೂ, ಹನ್ನೆರಡೂಕಾಲರ ತನಕ, ಅವನ ತಲೆ ನನ್ನ ತೊಡೆ ಮೇಲಿತ್ತು."

"ಪೆಟ್ಟಿಗೆ ಸರಿಯಿತ್ತಾ?"

"ಬೆಳಿಗ್ಗೆಯಿಂದ ಬಿಕ್ಕಳಿಸ್ತಿತ್ತು." ಮುದುಕ ಜಗಿಯುತ್ತಿದ್ದ ಕೋಕಾ ಎಲೆಯನ್ನು ದವಡೆಗೆ ಒತ್ತಿದ. "ಆರು ವರ್ಷದಿಂದ ಅದರ ಹಸಿರು ದೀಪಾನೇ ನನಗೆ ಜೊತೆ. ನಿನ್ನೆ ಬೆಳಿಗ್ಗೆ ಗಾಸ್ತೋನ್ ಬಂದು, ಹಳೇದಾಯ್ತು ಅಂತ ಅದರ ಹೊಟ್ಟೆ, ಒಳಗಿನ ಬೋರ್ಡ್, ಬದಲಾಯಿಸಿದ. ಬೆಲ್ಟ್ ಓಡಿದ್ದೇ ತಡ, ಪಕ್ಕದ ಹಳದಿ ದೀಪ ಮಿಣಮಿಣ. ಹೇಳಿದ್ದಕ್ಕೆ, 'ದೀಪದ ಜೊತೆ ಸಂಸಾರ ಬಿಡಜ್ಜ, ಮದುವೆ ಮಾಡ್ಕೊ' ಅಂದ."

* * *

ನಿಯಂತ್ರಣ ಕೋಣೆಯಲ್ಲಿ ನೆಲಿದಾ ಪೆಟ್ಟಿಗೆಗಳ ಸಂದೇಶಗಳ ದಾಖಲೆ ತೆರೆದಳು.

"ಕೇಬಲ್ ತುಂಡಾದ್ರೆ ಹದಿನೆಂಟನೇದು ಮಾತಾಡತ್ತಾ, ಗಾಸ್ತೋನ್?"

"ಇಲ್ಲ. ಆಚೆಗಿನವೆಲ್ಲ ಸತ್ತಹಾಗೇ."

"ಹನ್ನೊಂದು ಐವತ್ತೆಂಟರವರೆಗೂ ಅದು ತಡವರಿಸ್ತಾ ಉತ್ತರ ಕೊಟ್ಟಿದೆ. ಅಂದ್ರೆ ಕೇಬಲ್ ಕೊಯ್ದದ್ದು ಕೈ ಹೋದ ಹದಿನೆಂಟು ನಿಮಿಷ ಆದ್ಮೇಲೆ. ಆಗ ಅಜ್ಜ ಎಲ್ಲಿದ್ರು ಅಂತ ಹತ್ತು ಜನ ನೋಡಿದ್ದಾರೆ. ರೊಸೆಂದೊ ಹತ್ತಿರ ಎಲ್ಲರಿಗಿಂತ ಕೊನೆಗೆ ಬಂದವನು ನೀನು."

ಗಾಸ್ತೋನ್ ಬಾಗಿಲ ಕಡೆ ನೋಡಿದ.

ಅವಳು ಹಳೆಯದು, ಹೊಸದು ಎರಡೂ ಬೋರ್ಡ್ ಮೇಜಿನ ಮೇಲಿಟ್ಟಳು. "ಎರಡರ ಚಿಪ್ ಬೇರೆ ಬೇರೆ. ಅಕ್ಕಪಕ್ಕದ ಪೆಟ್ಟಿಗೆಗಳಿಗೆ ಕೇಳ್ತಾ ಕೇಳ್ತಾನೇ ಮಾತಾಡು ಅಂತ ಖಾಯಂ ಮಾಡಿಟ್ಟಿದ್ದಾರೆ. ನಿನ್ನ ಚಿಪ್ 'ಹೇಗೆ ಮಾತಾಡೋಣ' ಅಂತ ಮೊದಲು ಕೇಳತ್ತೆ. ಉತ್ತರ ಬರದಿದ್ರೆ, ಒಬ್ಬರಾದ್ಮೇಲೆ ಒಬ್ಬರು ಮಾತಾಡ್ಬೇಕು ಅಂದ್ಕೊಳ್ಳತ್ತೆ. ಬೋರ್ಡಿನ ಮೇಲಿನ ಒಂದು ಪುಟ್ಟ ರೆಸಿಸ್ಟರ್ ಬದಲಾಯಿಸಿ ಅದನ್ನ ಸರಿಮಾಡಬೇಕಿತ್ತು. ನೀನು ಬೆಲ್ಟ್ ನಿಂತಿದ್ದಾಗ ಪರೀಕ್ಷೆ ಮಾಡ್ದೆ, ಸರಿಯಾಗೇ ಕಾಣ್ತು. ನಲವತ್ತೂ ಬಾಯಿಬಿಟ್ಟಾಗ ಮಾತಿಗೆ ಮಾತು ಡಿಕ್ಕಿ. ಹಳದಿ ದೀಪ ಹೇಳ್ತಿದ್ದದ್ದು ಅದನ್ನೇ. ರೊಸೆಂದೊ ಗುಂಡಿ ಒತ್ತಿದ್ದೂ ಅದರಲ್ಲೇ ಕಳೆದುಹೋಯ್ತು."

"ಗೊತ್ತಾದಾಗ ನನ್ನ ಮೇಲೇ ಬರತ್ತೆ ಅಂತ ಕೇಬಲ್ ಕೊಯ್ದೆ, ಮೇಡಂ. ತಪ್ಪಾಯ್ತು."

"ಚಿಪ್ ಹಾಕಿದ್ದು ತಪ್ಪು ಮಗಾ, ಯಾರಿಗಾದ್ರೂ ಆಗತ್ತೆ. ಅಜ್ಜನ ಚಾಕು ತಂದಿಟ್ಟದ್ದು ತಪ್ಪಲ್ಲ, ಅಪರಾಧ. ನಡಿ."

* * *

ಸಂಜೆ ಹಳೆಯ ಬೋರ್ಡ್ ಮತ್ತೆ ಕೂತಿತು. ಹೊಸ ಕೇಬಲ್ ಸಿಕ್ಕಿಸಿದರು. ಬೆಲ್ಟ್ ಓಡಿತು.

"ಕ್ಯಾಮೆರಾಗೆ ಬಿಕ್ಕಳಿಕೆ ಗೊತ್ತಾಗಲ್ಲ ಅಂತ ವರದಿಯಲ್ಲಿ ಬರೀತೀನಿ, ಅಜ್ಜಾ," ಎಂದು ನೆಲಿದಾ ಜೀಪು ಹತ್ತಿದಳು.

ಧೂಳು ಅಡಗಿದ ಮೇಲೆ ಎಲೂತೇರಿಯೊ ಸ್ಟೂಲನ್ನು ಪೆಟ್ಟಿಗೆಯ ಹತ್ತಿರ ಎಳೆದುಕೊಂಡ. ಹಸಿರು ದೀಪ ಅಲುಗದೆ ಉರಿಯುತ್ತಿತ್ತು.

"ಬಂದ್ಯಾ?" ಎಂದ.