ತಾತನ ಹಾಕಿ ಕಾರ್ಡು

"ಒಂದೇ ಒಂದು ಜೆರಾಕ್ಸ್," ಎಂದ ಭೀಮರಾಜ್.

ಪ್ರಮೀಳಾ ತಲೆಯೆತ್ತಲಿಲ್ಲ. ಎತ್ತದೆಯೂ ಗೊತ್ತಿತ್ತು. ನೀಲಿ ಫ್ಯಾಕ್ಟರಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಒಂದಕ್ಕೆ ಕ್ಯಾಪಿಲ್ಲ. ಎರಡು ತಿಂಗಳಿಂದ ಅವನು ಹಿರೇಹಳ್ಳಿಯ ಶಿಫ್ಟ್ ಮುಗಿಸಿ, ಗುಬ್ಬಿ ಬಸ್ಸು ಹತ್ತುವ ಮೊದಲು ಸದಾಶಿವನಗರದ ಈ ಅಂಗಡಿಗೆ ಬಂದು ಅದೇ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸುತ್ತಿದ್ದ.

"ಲೋ, ಗುಬ್ಬೀಲಿ ಎಷ್ಟು ಜನ ಭೀಮರಾಜ್ ಇದೀರ್ಲಾ?" ಎಂದು ಯಜಮಾನ ಗಂಗರಾಜು ಛೇಡಿಸಿದ.

"ಇವತ್ತು ಬೇರೆ ಐತಣ್ಣ."

ಕರ್ಚೀಫು ಬಿಚ್ಚಿದ. ಒಳಗೆ ಹಳೆಯದೊಂದು ಕಾರ್ಡು, ಹಿಂದೆ ಬಬಲ್‌ಗಮ್ ಪ್ಯಾಕೆಟ್ಟಿನಲ್ಲಿ ಬರುತ್ತಿದ್ದಂಥದು. ಹಾಕಿ ಸ್ಟಿಕ್ ಹಿಡಿದು ಬಾಗಿ ನಿಂತ ಹುಡುಗ. ಭೀಮರಾಜನದೇ ಮೂಗು. ಒಂದು ಮೂಲೆ ಹತ್ತಿಯಂತೆ ನವೆದಿತ್ತು.

"ನಮ್ತಾತ, ಚಿಕ್ಕಮಾರಯ್ಯ. ಹಾಕೀಲಿ ಲೆಫ್ಟ್ ಹಾಫ್ ಆಡೋರು. ಹಿಂದ್ಗಡೆ ಓದು."

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವನೆದುರು ಓದಲು ನಾಚಿದಳು. ಅವನೇ ಬಾಯಿಪಾಠ ಒಪ್ಪಿಸಿದ: ಮೂರು ವರ್ಷ ರಾಜ್ಯ ತಂಡ, ಈ ವರ್ಷ ವಿದೇಶ ಪ್ರವಾಸಕ್ಕೆ ಆಯ್ಕೆ.

"ಹೋಗಿದ್ರಾ?" ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

"ಅಯ್ಯೋ, ಮಾತಾಡ್ತೀಯಾ ನೀನು!" ನಕ್ಕು, ಆಮೇಲೆ ಮೆಲ್ಲಗೆ ಹೇಳಿದ. "ಇಲ್ಲ ಕಣೇ. ಕಾರ್ಡ್ ಪ್ರಿಂಟಾದ್ಮೇಲೆ ಕುಣಿಗಲ್ಲಲ್ಲಿ ಸುಮ್ನೆ ಒಂದು ಮ್ಯಾಚ್ ಆಡಾಕೋಗಿ ಮಂಡಿ ಚಿಪ್ಪು ಒಡ್ಕೊಂಡ್ರು. ಅಲ್ಲಿಗೆ ಮುಗೀತು. ಕಾರ್ಡಲ್ಲಿ ಮಾತ್ರ ಇನ್ನೂ ಫಾರಿನ್‌ಗೆ ಹೋಗೋರೇ."

ಕಾರ್ಡನ್ನು ಅವಳ ಕೈಗಿಟ್ಟು, ಟೀ ಕುಡಿದು ಬರುತ್ತೇನೆಂದು ಹೋದ.

ಪ್ರಮೀಳಾಳ ಶಾಲೆಯ ಟಿ.ಸಿ.ಯನ್ನು ಗೆದ್ದಲು ತಿಂದಿತ್ತು. ಅಂದಿನಿಂದ ಅವಳಿಗೆ ಒಂದೇ ನಂಬಿಕೆ, ಪ್ರೀತಿಯದ್ದು ಯಾವುದೂ ಬರಿಯ ಕಾಗದವಾಗಿ ಉಳಿಯಬಾರದು. ಅಮ್ಮನ ಫೋಟೋ, ಮನೆಯ ರೇಷನ್ ಕಾರ್ಡು, ಎಲ್ಲಕ್ಕೂ ಲ್ಯಾಮಿನೇಷನ್. ಅವನು ಕೇಳದಿದ್ದರೂ, ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಆ ಕಾರ್ಡಿನ ಜೊತೆ ಬಿಸಿ ರೋಲರುಗಳಿಗೆ ಕೊಟ್ಟಳು. ಕಾರ್ಡು ಹೊಳೆಯುತ್ತ ಹೊರಬಂತು.

"ಏನ್ ಚೆನ್ನಾಗ್ ಮಾಡಿದೀಯೇ!" ತೆಗೆದುಕೊಳ್ಳುವಾಗ ಅವನ ಬೆರಳು ಅವಳ ಬೆರಳ ಮೇಲೆ ಬೇಕೆಂದೇ ಒಂದು ಗಳಿಗೆ ನಿಂತಿತು. "ನಾಳಿಕ್ಕೆ ಒಂದು ಮಾತು ಕೇಳ್ಬೇಕು. ಜೆರಾಕ್ಸ್ ಅಲ್ಲ."

ಅಂದು ಅವಳು ಮನೆಗೆ ನಡೆದದ್ದು ಹೇಗೋ.

ಮಾರನೇ ದಿನ ಅವನು ಬರಲಿಲ್ಲ, ಅದರ ಮರುದಿನವೂ ಇಲ್ಲ. ಸಂಜೆ ಗುಬ್ಬಿ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಅವಳು ರಸ್ತೆ ನೋಡಿದಳು. ಇಪ್ಪತ್ತೆರಡನೇ ದಿನ ಕೌಂಟರಿನ ಮೇಲೆ ನೆರಳು ಬಿತ್ತು. ಕ್ಯಾಪಿಲ್ಲದ ಪೆನ್ನು. ಬೋಳಿಸಿದ ತಲೆ.

"ಡೆತ್ ಸರ್ಟಿಫಿಕೇಟು. ಮೂರು ಕಾಪಿ."

ಚಿಕ್ಕಮಾರಯ್ಯ ಎಂಬ ಹೆಸರಿದ್ದ ಹಾಳೆಯನ್ನು ಅವಳು ಯಂತ್ರಕ್ಕಿಟ್ಟಳು.

"ತಾತಂಗೆ ನಾಲ್ಕು ವರ್ಷದಿಂದ ಕಣ್ಣು ಕಾಣ್ತಿರ್ಲಿಲ್ಲ," ಎಂದ ಭೀಮರಾಜ್, ಹಾಕಿ ಕಾರ್ಡನ್ನು ಜೇಬಿನಿಂದ ತೆಗೆದು ಕೌಂಟರಿನ ಮೇಲಿಡುತ್ತ. "ದಿನಾ ಬೆಳಿಗ್ಗೆ ಆ ನವೆದ ಮೂಲೇನ ಹೆಬ್ಬೆರಳಲ್ಲಿ ಸವರಿ, 'ಇವ್ನೇ ನಾನು' ಅನ್ನೋರು. ಅವತ್ತು ಕಾರ್ಡ್ ಕೈಗೆ ಕೊಟ್ರೆ, 'ಇದ್ಯಾವ್ದೋ ಗಾಜು, ನನ್ ಕಾರ್ಡ್ ಕೊಡ್ಲಾ' ಅಂದ್ರು. ಇದೇ ಅದು ಅಂದ್ರೂ ನಂಬಲಿಲ್ಲ. ಕಳೆದಾಕಿ ಸುಳ್ಳೇಳ್ತಾವ್ನೆ ಅಂತ ನನ್ ಜೊತೆ ಮಾತೇ ಬಿಟ್ರು. ಕೊನೇವರ್ಗೂ ದಿಂಬಿನಡಿ ತಡಕಾಡ್ತಿದ್ರು."

"ನಾನು..."

"ನಿನ್ ತಪ್ಪಿಲ್ಲ. ನಾನೇ ಹೇಳ್ಳಿಲ್ಲ. ನಾನೂ ಚೆನ್ನಾಗೈತೆ ಅಂದೆ." ಅವನು ಮೊದಲ ಬಾರಿಗೆ ನೆಲ ನೋಡಿದ. "ಆದ್ರೆ ನಿನ್ ಕೈ ನೋಡಿದ್ರೆ ನಂಗೆ ಆ ಹೆಬ್ಬೆರಳೇ ಕಾಣ್ತೈತೆ, ಪ್ರಮೀಳಾ."

ಇಷ್ಟು ದಿನಗಳಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೊಂದೇ ಸಲ.

"ಒರಿಜಿನಲ್‌ಗೆ ಲ್ಯಾಮಿನೇಷನ್ ಹಾಕ್ಕೊಡಮ್ಮ," ಎಂದ ಗಂಗರಾಜು, ಏನೂ ತಿಳಿಯದೆ, ಹಿಂದಿನಿಂದ.

ಪ್ರಮೀಳಾ ತಲೆಯೆತ್ತಿದಳು. ಭೀಮರಾಜನ ಕಣ್ಣನ್ನೇ ನೋಡಿ, ಅಂಗಡಿಗೆಲ್ಲ ಕೇಳುವಂತೆ ಕೇಳಿದಳು: "ಹಾಕ್ಲಾ, ಬ್ಯಾಡ್ವಾ?"

"ಬ್ಯಾಡ ಕಣೇ. ಹಂಗೇ ಇರ್ಲಿ."

ಕಾಪಿಗಳನ್ನು ಮಡಿಚಿಕೊಂಡು ಹೋದ. ಕೌಂಟರಿನ ಮೇಲೆ ಹಾಕಿ ಕಾರ್ಡು ಉಳಿದಿತ್ತು. ಮರೆತನೋ, ಬಿಟ್ಟನೋ, ಅವಳು ಕೂಗಿ ಕೇಳಲಿಲ್ಲ. ಹೆಬ್ಬೆರಳಿನಿಂದ ಆ ಮೂಲೆಯನ್ನು ಸವರಿದಳು. ನವೆದ ಕಾಗದ ಕಣ್ಣಿಗೆ ಕಾಣುತ್ತಿತ್ತು. ಬೆರಳಿಗೆ ಸಿಗಲಿಲ್ಲ.