ಕೆಂಪು ಚಿಂದಿ ಕಟ್ಟಿದ ತೆನೆ

ನಾನು ಹೇಳಿದ ಒಂದು ಸುಳ್ಳಿಗೆ ಹಂಪಿಯ ಮಂಗಗಳೆಲ್ಲ ಬೈಸಿಕೊಂಡವು. ಆ ಪಾಪ ನನಗೇ ತಗಲಲಿ.

ಮದುವೆಯಾಗಿ ಸಂಡೂರಿನಿಂದ ಬಂದು ಎರಡು ತಿಂಗಳಾಗಿತ್ತು. ನದಿಗೆ ಇನ್ನೂ ಡ್ಯಾಮ್ ಇರದ ಕಾಲ. ಊರವರು ಪಾಲಪ್ಪ ಎನ್ನುತ್ತಿದ್ದ ಮನುಷ್ಯನನ್ನು ನಾನು ‘ಅವರು’ ಎನ್ನುತ್ತಿದ್ದೆ. ಅತ್ತೆಯ ಎದುರು ಅದನ್ನೂ ಅನ್ನುತ್ತಿರಲಿಲ್ಲ.

ನನ್ನ ಕೈಯಾರೆ ಅವರಿಗೆ ಏನಾದರೂ ಮಾಡಿಕೊಡುವ ಆಸೆಯಾಯಿತು. ಬಾಳೆತೋಟದ ಬದುವಿಗಿದ್ದ ಮೆಕ್ಕೆಜೋಳದಲ್ಲಿ ಎಲ್ಲಕ್ಕಿಂತ ದಪ್ಪನೆಯ ನಾಲ್ಕು ತೆನೆ ಕಿತ್ತು ತಂದೆ. ನಾಲ್ಕಕ್ಕೂ ಕೆಂಪು ಚಿಂದಿ ಕಟ್ಟಿತ್ತು. ತವರಿನಲ್ಲಿ ದೃಷ್ಟಿಯಾಗದಿರಲೆಂದು ಕುಂಬಳಕಾಯಿಗೆ ಹಾಗೆ ಕಟ್ಟುತ್ತಿದ್ದರು. ಇದೂ ಅದೇ ಅಂದುಕೊಂಡೆ. ಗಡಿಗೆಯ ತಳಕ್ಕೆ ಎಳೆ ಸಿಪ್ಪೆ ಹಾಸಿ, ಮೇಲೆ ತೆನೆಯಿಟ್ಟು ಬೇಯಿಸಿ, ಬಿಸಿಯಿರುವಾಗಲೇ ಬೆಳ್ಳುಳ್ಳಿ ಖಾರ ಸವರಿದೆ. ಅವರು ಎರಡು ತಿಂದರು. ಬೆರಳು ನೆಕ್ಕುತ್ತ, ಅತ್ತೆಯ ಕಣ್ಣು ತಪ್ಪಿಸಿ ನನ್ನತ್ತ ನೋಡಿದರು. ನನ್ನ ಕಿವಿಯೆಲ್ಲ ಬಿಸಿಯಾಯಿತು.

ಮರುದಿನ ಹೊಲದಿಂದ ಬಂದವರ ಮುಖ ಬಾಡಿತ್ತು. ಬೀಜಕ್ಕೆಂದು ಚಿಂದಿ ಕಟ್ಟಿ ಗುರುತು ಮಾಡಿದ್ದ ತೆನೆಗಳೇ ಹೋಗಿವೆ, ಮೂರು ವರ್ಷ ಆರಿಸಿ ಆರಿಸಿ ಬೆಳೆಸಿದ ತಳಿ ಎಂದರು. ನಾನು ಬೇಯಿಸಿದ್ದು ಅವನ್ನೇ.

"ನಾ ಕಿತ್ತಿದ್ದು ಆಚಿ ಸಾಲಿನವು. ಇವನ್ನ ಮಂಗ್ಯಾ ಕಿತ್ತಿರಬೇಕು" ಅಂದುಬಿಟ್ಟೆ.

ಅತ್ತೆ ಮಂಗಗಳ ವಂಶವನ್ನೆಲ್ಲ ಜಾಲಾಡಿದರು. ಅವರೋ ಕವಣೆ ಹಿಡಿದು, ಹೊಲದ ಅಟ್ಟಣೆಯೇರಿ ಕಾವಲು ಕೂತರು. ಮೂರು ದಿನ ಮಧ್ಯಾಹ್ನ ನಾನು ಬುತ್ತಿ ಒಯ್ದೆ. ಬಿಸಿಲಿಗೆ ಅವರ ಮೂಗು ಸುಟ್ಟು ಕಪ್ಪಾಗಿತ್ತು. ಆದರೂ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ತವರಿನ ಸುದ್ದಿ ಕೇಳುವರು, ರೊಟ್ಟಿ ಮುರಿದು ಮೊದಲ ತುಂಡು ನನಗೆ ಕೊಡುವರು. ಆ ತುಂಡನ್ನು ನಾನು ಕೈಯಲ್ಲೇ ಹಿಡಿದು ಕೂರುತ್ತಿದ್ದೆ. ಇಂಥವರಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು.

ನಾಲ್ಕನೆಯ ದಿನ ತಡೆಯಲಾಗಲಿಲ್ಲ.

"ಮಂಗ್ಯಾ ಅಲ್ರಿ, ನಾನ ಕಿತ್ತಿದ್ದು. ನೀವು ತಿಂದಿದ್ದು ಅದನ್ನ."

ಅವರು ಸಿಟ್ಟಾಗಲಿಲ್ಲ. ರುಮಾಲಿನ ಮಡಿಕೆಯಿಂದ ನಾಲ್ಕು ಕೆಂಪು ಚಿಂದಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾನು ಸುಳ್ಳು ಹೇಳಿದ ದಿನವೇ ಎತ್ತಿನ ಗೋದಲಿಯಲ್ಲಿ, ಸಿಪ್ಪೆಯ ನಡುವೆ ಸಿಕ್ಕಿದ್ದವಂತೆ.

"ಮತ್ತ ಈ ಬಿಸಿಲಾಗ ಯಾಕ ಕುಂತ್ರಿ?"

"ಮನ್ಯಾಗ ಅವ್ವನ ಮುಂದ ನೀ ತಲಿ ಎತ್ತಂಗಿಲ್ಲ. ಇಲ್ಲಾದ್ರ ಬುತ್ತಿ ತರ್ತಿ, ಮಾತಾಡ್ತಿ."

ನನಗೆ ಅಳು ಬಂತು. ಬೀಜಕ್ಕೇನು ಗತಿ ಎಂದು ಕೇಳಿದೆ. ಕೊನೆಯ ಸಾಲಿನಲ್ಲಿ ತಡವಾಗಿ ಕಾಳುಗಟ್ಟುತ್ತಿದ್ದ ಒಂದು ತೆನೆ ತೋರಿಸಿದರು. ಅದಕ್ಕೆ ಚಿಂದಿ ನಾನೇ ಕಟ್ಟಿದೆ. ಗಂಟು ಬಿಗಿಯುವಾಗ ಅವರ ಬೆರಳೂ ಜೊತೆಗಿತ್ತು.

ಸಂಜೆ ಅತ್ತೆ, ಮಂಗಗಳು ತೊಲಗಿದ್ದರೆ ಮಗ ನಾಳೆಯಿಂದ ಊಟಕ್ಕೆ ಮನೆಗೇ ಬರಲಿ ಎಂದರು. ನಿಜ ಹೇಳಿಬಿಡಬೇಕೆಂದೇ ಬಾಯಿ ತೆರೆದೆ.

"ಇನ್ನೂ ಒಂದು ಮಂಗ್ಯಾ ಐತ್ರಿ, ಅತ್ತಿ" ಅಂದೆ.

ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ ಅವರಿಗೆ ಕೆಮ್ಮು ಬಂತು.